ಮರ ಕಡಿಯುವವರಿಗೆ, ನಾಟಾ ಸಾಗಿಸುವವರಿಗೆ ಕೆಲಸ ನಿಂತಾಗ ಸರ್ಕಾರದಿಂದ ಏನಾದರೂ ಸಿಗುತ್ತಾ?

ಕಟಾವು ಮೇಸ್ತ್ರಿ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯವನು. ಅಕೇಶಿಯಾ, ನೀಲಗಿರಿ ಪ್ಲಾಂಟೇಶನ್ ಕಟಾವು ಮತ್ತು ಸಾಗಾಣಿಕೆ ಗುತ್ತಿಗೆ ಮಾಡುತ್ತೇನೆ. ದೊಡ್ಡ ಕುಳ ಏನಲ್ಲ. ಒಂದು ಹಳೇ ಲಾರಿ, ನಾಲ್ಕು ಮೆಷಿನ್ ಗರಗಸ, ಸೀಸನ್‌ನಲ್ಲಿ ಕೈಕೆಳಗೆ ಒಂದಷ್ಟು ಜನ. ಅಷ್ಟೇ.

ಕೆಲಸ ಪೂರ್ತಿ ಕುಸಿದಿದೆ. ಮಳೆ ನಿಂತು ರಸ್ತೆ ಒಣಗಿದ ಮೇಲೆ ಶುರುವಾಗಿ ಮತ್ತೆ ಮುಂಗಾರು ಬರುವವರೆಗೆ ನಮ್ಮ ದುಡಿಮೆ. ಈ ಸಲ ಸೀಸನ್ ಶುರುವಾದರೂ ಟೆಂಡರ್ ಇಲ್ಲ, ಇದ್ದರೂ ರೇಟು ಡೀಸೆಲ್‌ಗೂ ಸಾಲಲ್ಲ. ಹೋದ ವರ್ಷದ ಕೆಲಸದ ಬಿಲ್ಲೂ ಒಂದು ಕಡೆ ಬಾಕಿ, ಠೇವಣಿಯೂ ಅಲ್ಲೇ ಸಿಕ್ಕಿಕೊಂಡಿದೆ. ಯಾರು ಅಂತ ಇಲ್ಲಿ ಬರೆಯಲ್ಲ, ನಾಳೆ ಅವರ ಹತ್ತಿರಾನೇ ಹೋಗಬೇಕಲ್ಲ.

ನನ್ನ ಪ್ರಶ್ನೆ ಇಷ್ಟೇ. ಅಡಿಕೆಗೆ ಕೊಳೆ ಬಂದರೆ ಪರಿಹಾರ ಇದೆ. ಕಾರ್ಖಾನೆ ಮುಚ್ಚಿದರೆ ಕಾಯಂ ನೌಕರರಿಗೆ ಏನೋ ಒಂದು ಪ್ಯಾಕೇಜ್ ಇದೆ. ಮರ ಕಡಿಯುವವನಿಗೆ, ಸಿಪ್ಪೆ ಸುಲಿಯುವ ಹೆಂಗಸರಿಗೆ, ಲೋಡ್ ಮಾಡುವವರಿಗೆ, ನನ್ನಂಥ ಸಣ್ಣ ಗುತ್ತಿಗೆದಾರನಿಗೆ ಯಾವುದಾದರೂ ಯೋಜನೆ ಇದೆಯಾ? ತಿಳಿದವರು ಹೇಳಿ.

ಅಂಚೆಪೆಟ್ಟಿಗೆ

ಇಲ್ಲ. ಮುಂದಿನ ಪ್ರಶ್ನೆ.

ಹೊಳೆದಂಡೆ

ಮೇಲಿನವರು ಹೇಳಿದಷ್ಟು ಸುಲಭ ಅಲ್ಲ. ಕಾರ್ಮಿಕರಿಗೆ ಇ-ಶ್ರಮ್ ಇದೆ. 2021ರ ಆಗಸ್ಟ್‌ನಲ್ಲಿ ಶುರುವಾಯ್ತು. ಪಿಎಫ್, ಇಎಸ್‌ಐ ಇಲ್ಲದ ಯಾವ ಅಸಂಘಟಿತ ಕಾರ್ಮಿಕನೂ ನೋಂದಾಯಿಸಬಹುದು, ದುಡ್ಡಿಲ್ಲ. ನಿಮ್ಮ ಜನ ಮಾಡಿಸಿದ್ದಾರಾ ಮೊದಲು ಹೇಳಿ.

ಕಟಾವು ಮೇಸ್ತ್ರಿ

ಅರ್ಧ ಜನ ಮಾಡಿಸಿದ್ದಾರೆ. ಕಾರ್ಡು ಪ್ಲಾಸ್ಟಿಕ್ ಕವರಲ್ಲಿ ಭದ್ರವಾಗಿದೆ. ಅದರಿಂದ ಒಂದು ರೂಪಾಯಿ ಬಂದಿದ್ದು ಯಾರಿಗೂ ಗೊತ್ತಿಲ್ಲ.

ಹೊಳೆದಂಡೆ

ದುಡ್ಡು ಕೊಡೋ ಯೋಜನೆ ಅಲ್ಲ ಅದು, ಪಟ್ಟಿ. ನಾಳೆ ಸರ್ಕಾರ ಏನಾದರೂ ಕೊಡಬೇಕು ಅಂದರೆ ಪಟ್ಟಿಯಲ್ಲಿ ಇದ್ದವರಿಗೆ ಕೊಡುತ್ತೆ. 2021ರ ಕೋವಿಡ್ ಎರಡನೇ ಅಲೆ ನೆನಪಿದೆಯಾ? ರಾಜ್ಯ ಸರ್ಕಾರ ಅಸಂಘಟಿತರಿಗೆ ತಲಾ 2,000 ರೂಪಾಯಿ ಅಂತ ಘೋಷಿಸಿತು. ಕ್ಷೌರಿಕರು, ಅಗಸರು, ಟೈಲರ್, ಹಮಾಲಿ, ಚಿಂದಿ ಆಯುವವರು, ಕುಂಬಾರರು, ಮೆಕ್ಯಾನಿಕ್, ಮನೆಗೆಲಸದವರು, ಚಮ್ಮಾರರು ಹೀಗೆ. ಮರ ಕಡಿಯುವವರು ಅದರಲ್ಲಿ ಇರಲಿಲ್ಲ. ಯಾಕೆ ಅಂದರೆ ಅವರು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಲೋಡಿಂಗ್ ಅಣ್ಣ

ನಮ್ಮ ಗುಂಪಿನಲ್ಲಿ ಕೆಲವರಿಗೆ ಆಗ 2,000 ಬಂತು. ಹೇಗೆ ಅಂದರೆ ಹಮಾಲಿ ಅಂತ ಬರೆಸಿದ್ದೆವು. ನಾಟಾ ಹೊತ್ತರೂ ಹಮಾಲಿಯೇ, ಅಕ್ಕಿ ಮೂಟೆ ಹೊತ್ತರೂ ಹಮಾಲಿಯೇ, ಸುಳ್ಳೇನಲ್ಲ. ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲಿ ಅನ್ನೋ ವರ್ಗ ಇದೆ, ಲೋಡಿಂಗ್ ಮಾಡುವವರು ಅದರಲ್ಲಿ ಸ್ಮಾರ್ಟ್ ಕಾರ್ಡ್ ಮಾಡಿಸಿಕೊಳ್ಳಿ. ಅದೇ ದಿನ ಅದೇ ಲಾರಿ ಹತ್ತಿರ ಕೆಲಸ ಮಾಡಿದ ಗರಗಸದವನಿಗೆ ಏನೂ ಬರಲಿಲ್ಲ. ಅವನು ಇವತ್ತಿಗೂ ನಮ್ಮನ್ನು ಬೈತಾನೆ.

ಗಂಧದಗುಡ್ಡೆ

ಪಿಎಂ ವಿಶ್ವಕರ್ಮ ಯಾಕೆ ಯಾರೂ ಹೇಳ್ತಿಲ್ಲ? ಮರದ ಕೆಲಸದವರಿಗೆ ಅಂತಾನೇ ಇದೆ. 15 ಸಾವಿರದ ಟೂಲ್ ಕಿಟ್, 5% ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ.

ಹೊಳೆದಂಡೆ

ಅದು ಬಡಗಿಗೆ, ಕಡಿಯುವವನಿಗಲ್ಲ. 18 ಕಸುಬು ಇದೆ ಅದರಲ್ಲಿ. ಬಡಗಿ ಇದ್ದಾನೆ, ದೋಣಿ ಮಾಡುವವನು ಇದ್ದಾನೆ, ಬುಟ್ಟಿ ಹೆಣೆಯುವವನು ಇದ್ದಾನೆ. ಮರ ಬೀಳಿಸುವವನು ಇಲ್ಲ. ಮರ ತಾನಾಗಿಯೇ ನಡೆದು ಬಡಗಿ ಮನೆಗೆ ಬರುತ್ತೆ ಅಂತ ಯೋಜನೆ ಬರೆದವರು ತಿಳಿದಿರಬೇಕು.

ಅಂಚೆಪೆಟ್ಟಿಗೆ

😄 ಇದು ಸರಿ.

ಹಸಿರುಕಣ್ಣು

ಬೇಜಾರಾದರೂ ಪರವಾಗಿಲ್ಲ, ನೇರವಾಗಿ ಕೇಳುತ್ತೇನೆ. ಈ ಉದ್ಯಮಕ್ಕೆ ನೆರವು ಯಾಕೆ ಕೊಡಬೇಕು? ಮಲೆನಾಡಿನ ಹುಲ್ಲುಗಾವಲು, ಕುರುಚಲು ಕಾಡು ಎಲ್ಲ ಬಳಿದು ಅಕೇಶಿಯಾ ನೆಟ್ಟರು. ಅದರ ಕೆಳಗೆ ಹುಲ್ಲೂ ಬೆಳೆಯಲ್ಲ. ಭದ್ರಾವತಿ ಕಾಗದ ಕಾರ್ಖಾನೆ 2015ರಲ್ಲೇ ಉತ್ಪಾದನೆ ನಿಲ್ಲಿಸಿತು. ಆದರೂ 2020ರಲ್ಲಿ ನೆಡುತೋಪಿನ ಲೀಸ್ ಮುಗಿದಾಗ ಮತ್ತೆ 40 ವರ್ಷಕ್ಕೆ ವಿಸ್ತರಿಸಿದರು, ಸುಮಾರು 20 ಸಾವಿರ ಹೆಕ್ಟೇರ್. ಕಾರ್ಖಾನೆ ಇಲ್ಲ, ತೋಪು ಮಾತ್ರ ಬೇಕು ಅಂದರೆ ಏನರ್ಥ? ನಮ್ಮೂರಿಗೆ ಅಕೇಶಿಯಾ ಬೇಡ ಅಂತ ಜನ ಬೀದಿಗಿಳಿದಿದ್ದು ಸುಮ್ನೆ ಅಲ್ಲ. ಕಟಾವು ಕಡಿಮೆ ಆದರೆ ಒಳ್ಳೆಯದೇ ಆಯ್ತು.

ಕಟಾವು ಮೇಸ್ತ್ರಿ

ನೆಡು ಅಂತ ಹೇಳಿದ್ದು ನಾನಲ್ಲ ಸ್ವಾಮಿ. ನೆಟ್ಟವರು ಪೆನ್ಷನ್ ತಗೊಂಡು ಮನೆಯಲ್ಲಿದ್ದಾರೆ.

ಹಸಿರುಕಣ್ಣು

ನಿಮ್ಮ ಮೇಲೆ ಕೋಪ ಇಲ್ಲ. ಆದರೆ ನೆರವು ಅಂದ ತಕ್ಷಣ ಇನ್ನಷ್ಟು ನೆಡುತೋಪು, ಇನ್ನಷ್ಟು ಟೆಂಡರ್ ಅಂತಾನೇ ಆಗುತ್ತೆ. ಅದಕ್ಕೆ ಹೇಳಿದ್ದು.

ಬೆತ್ತದಬುಟ್ಟಿ

ಹಸಿರುಕಣ್ಣು ಅವರೇ, ಒಂದು ಮಾತು. ಇರುವ ಅಕೇಶಿಯಾ ತೆಗೆದು ಸಹಜ ಕಾಡು ಬರಿಸಬೇಕು ಅಂತ ನೀವೇ ಕೇಳುತ್ತೀರಿ ಅಲ್ವಾ? ತೆಗೆಯೋದು ಯಾರು? ಇದೇ ಜನ. ಕಡಿದು ಬಿಟ್ಟರೆ ಸಾಲಲ್ಲ, ಬೀಜ ಬಿದ್ದು ಸಾವಿರ ಸಸಿ ಏಳುತ್ತೆ, ಅದನ್ನು ವರ್ಷ ವರ್ಷ ಕೀಳಬೇಕು. ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಸವರಬೇಕು. ಲಂಟಾನಾ ತೆಗೆಯಬೇಕು. ಬಂಡೀಪುರ, ನಾಗರಹೊಳೆ ಕಡೆ ಸೆನ್ನಾ ಅನ್ನೋ ಹಳದಿ ಹೂವಿನ ಮರ ನುಂಗಿ ಹಾಕ್ತಿದೆ, ಅದನ್ನು ತೆಗೆಯಬೇಕು. ತಮಿಳುನಾಡಿನಲ್ಲಿ ಆ ಸೆನ್ನಾವನ್ನು ಅವರ ಸರ್ಕಾರಿ ಕಾಗದ ಕಾರ್ಖಾನೆಗೇ ತೆಗೆಯಲು ಬಿಟ್ಟರು. ಕಾಡಿಗೂ ಆಯ್ತು, ಕೆಲಸಕ್ಕೂ ಆಯ್ತು.

ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನಾದಿಂದ ಕುರ್ಚಿ, ಮಂಚ ಮಾಡ್ತಾರೆ, ಆನೆ ಪ್ರತಿಮೆಗಳನ್ನೂ ಮಾಡಿದರು. ಆನೆ ನೋಡಿ ಎಲ್ಲರೂ ಫೋಟೋ ತೆಗೆದರು. ಕೂಲಿ ಎಷ್ಟು ಸಿಗುತ್ತೆ ಅಂತ ಯಾರೂ ಕೇಳಲಿಲ್ಲ.

ನನ್ನ ಪ್ರಕಾರ ಕೆಲಸ ಇಲ್ಲದ ಸೀಸನ್‌ನಲ್ಲಿ ಕೊಡಬೇಕಾದ ನೆರವು ಇದೇ, ಕಾಡು ರಿಪೇರಿ ಕೆಲಸ. ದುಡ್ಡಿಲ್ಲ ಅನ್ನಬೇಡಿ. ಕಾಡು ಕಡಿದವರು ಕಟ್ಟಿದ ಪರಿಹಾರದ ದುಡ್ಡು, ಕ್ಯಾಂಪಾ, 2019ರಲ್ಲಿ ಕೇಂದ್ರ ರಾಜ್ಯಗಳಿಗೆ 47 ಸಾವಿರ ಕೋಟಿಗೂ ಜಾಸ್ತಿ ಬಿಡುಗಡೆ ಮಾಡಿತು. ಕರ್ನಾಟಕಕ್ಕೇ ಸುಮಾರು 1,350 ಕೋಟಿ ಬಂತು.

ಹಸಿರುಕಣ್ಣು

ಇದಕ್ಕೆ ನನ್ನ ವಿರೋಧ ಇಲ್ಲ. ಆದರೆ ಕ್ಯಾಂಪಾ ದುಡ್ಡಲ್ಲಿ ಮತ್ತೆ ತೇಗ, ಅಕೇಶಿಯಾ ನೆಡದಂತೆ ನೋಡಿಕೊಳ್ಳಬೇಕು.

ಗೇರುಬೀಜ

ಉದ್ಯೋಗ ಖಾತ್ರಿ ಇದೆಯಲ್ಲ. 2025-26ರಲ್ಲಿ ನರೇಗಾ ಕೂಲಿ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ವರ್ಷಕ್ಕೆ 100 ದಿನ ಇತ್ತು. ಟ್ರೆಂಚ್ ಹೊಡೆಯೋದು, ನರ್ಸರಿ ಕೆಲಸ ಎಲ್ಲ ಅದರಲ್ಲಿ ಬರುತ್ತೆ. ಹೆಂಗಸರಿಗೆ ಗೃಹಲಕ್ಷ್ಮಿ 2,000 ಬೇರೆ. ಇನ್ನೆಷ್ಟು ಕೊಡಬೇಕು?

ಸಿಪ್ಪೆ ಸುಲಿಯುವವಳು

ಗೃಹಲಕ್ಷ್ಮಿ ಎಲ್ಲರಿಗೂ ಬರುವ ಹಣ, ಕೆಲಸ ಇದ್ದವರಿಗೂ ಬರುತ್ತೆ. ಅದನ್ನು ನಮ್ಮ ಕೆಲಸ ಹೋಗಿದ್ದಕ್ಕೆ ಕೊಟ್ಟ ಪರಿಹಾರ ಅಂತ ಲೆಕ್ಕ ಹಾಕಬೇಡಿ.

ನಾನು ಈ ಕೆಲಸ ಮದುವೆಗೆ ಮುಂಚಿನಿಂದ ಮಾಡ್ತಿದ್ದೇನೆ. ಮರ ಬಿದ್ದ ಮೇಲೆ ಹಸಿ ಇರುವಾಗಲೇ ಸಿಪ್ಪೆ ತೆಗೆಯಬೇಕು. ಒಣಗಿದರೆ ಅಂಟಿಕೊಂಡು ಬಿಡುತ್ತೆ, ಕತ್ತಿ ಜಾರಿ ಮಂಡಿಗೆ ಬರುತ್ತೆ. ನೀಲಗಿರಿ ಆದರೆ ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಬಿಚ್ಚಿಕೊಳ್ಳುತ್ತೆ, ಅಕೇಶಿಯಾ ಹಾಗಲ್ಲ, ಪುಡಿ ಹಾರಿ ಕುತ್ತಿಗೆ ಎಲ್ಲ ತುರಿಕೆ. ಟನ್ ಲೆಕ್ಕದ ಕೂಲಿ. ಗಂಡಸರ ಹೆಸರಲ್ಲಿ ಬರೆದುಕೊಳ್ಳುತ್ತಾರೆ, ಗಂಡ ಹೆಂಡತಿ ಇಬ್ಬರೂ ಸುಲಿದರೂ ಪುಸ್ತಕದಲ್ಲಿ ಒಂದೇ ಹೆಸರು. ಹಾಗಾಗಿ ನಾಳೆ ಯಾರಾದರೂ ಬಂದು ಕೆಲಸಗಾರರಿಗೆ ಪರಿಹಾರ ಕೊಡ್ತೀವಿ ಅಂದರೂ ನಾನು ಕೆಲಸ ಮಾಡಿದ್ದಕ್ಕೆ ಸಾಕ್ಷಿ ಇಲ್ಲ.

ನರೇಗಾ ಬಗ್ಗೆ ಹೇಳಿದಿರಿ. 100 ದಿನ ಇದ್ದಿದ್ದು ಮನೆಗೆ, ತಲೆಗಲ್ಲ. ಕೆಲಸ ಕೇಳಿ ಅರ್ಜಿ ಕೊಟ್ಟರೂ ನಮ್ಮ ಕಡೆ ಮಳೆಗಾಲದಲ್ಲಿ ಕೆಲಸ ತೆಗೆಯಲ್ಲ. ಬೇಸಿಗೆಯಲ್ಲಿ ಮಾತ್ರ.

ಲೋಡಿಂಗ್ ಅಣ್ಣ

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ.

ಕಟಾವು ಮೇಸ್ತ್ರಿ

ಪುಸ್ತಕದಲ್ಲಿ ಒಂದೇ ಹೆಸರು ಬರೆಯೋದು ಎಲ್ಲ ಗುತ್ತಿಗೆದಾರರ ಪದ್ಧತಿ. ಜೋಡಿ ಲೆಕ್ಕ ಅಂತ ಕರೀತೀವಿ. ಬೇರೆ ಬೇರೆ ಬರೆದರೆ ಮಸ್ಟರ್, ಅಂದರೆ ಹಾಜರಿ ಪುಸ್ತಕ, ಉದ್ದ ಆಗುತ್ತೆ, ಜನ ಜಾಸ್ತಿ ಆದರೆ ಲೈಸೆನ್ಸ್, ಪಿಎಫ್ ಅಂತ ಬರುತ್ತೆ.

ಸಿಪ್ಪೆ ಸುಲಿಯುವವಳು

ಅದನ್ನೇ ಅಣ್ಣ ನಾನು ಹೇಳಿದ್ದು.

ಚೈನ್ ಸಾ ಚಂದ್ರು

ನೆರವು ಬಿಡಿ, ಮೊದಲು ಪೆಟ್ಟಾದರೆ ಯಾರು ನೋಡ್ತಾರೆ ಅದನ್ನು ಮಾತಾಡಿ. ಬೀಳಬೇಕಾದ ದಿಕ್ಕಿಗೆ ಬಾಯಿ ಕಟ್ ಹಾಕಿ, ಹಿಂದಿನಿಂದ ಕೊಯ್ದು, ಕೊನೆಗೆ ಒಂದು ಬೆರಳು ಅಗಲ ಬಿಡಬೇಕು. ಆ ಬೆರಳಗಲವೇ ಮರವನ್ನು ಹಿಡಿದು ತಿರುಗಿಸೋದು. ಕೆಲಸ ಕಡಿಮೆ ಆಗಿ ರೇಟು ಬಿದ್ದಾಗ ಏನಾಗುತ್ತೆ? ಟನ್ ಜಾಸ್ತಿ ಮಾಡಬೇಕು ಅಂತ ಅವಸರ. ಬಾಯಿ ಕಟ್ ಹಾಕದೇ ನೇರ ಕೊಯ್ಯುತ್ತಾರೆ. ಸಣ್ಣ ಮರ ಅಲ್ವಾ ಅಂತ. ಮರ ಸೀಳಿ ಎದೆಗೆ ಬರುತ್ತೆ. ರೇಟು ಬಿದ್ದ ವರ್ಷವೇ ಪೆಟ್ಟು ಜಾಸ್ತಿ, ನಾನು ಕಂಡ ಹಾಗೆ.

ಹೊಳೆದಂಡೆ

ಚಂದ್ರು, ಇದಕ್ಕೆ ಕಾನೂನು ಇದೆ. 2025ರ ನವೆಂಬರ್‌ವರೆಗೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು, ಈಗ ಅದರ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ. ಅದರ ಪಟ್ಟಿಯಲ್ಲಿ ಮರ ಕಡಿಯುವ ಕೆಲಸ ಹೆಸರು ಹಿಡಿದು ಇದೆ. ಪೆಟ್ಟಾದರೆ, ಜೀವ ಹೋದರೆ ಕೆಲಸ ಕೊಟ್ಟವನು ಪರಿಹಾರ ಕೊಡಬೇಕು. ಗುತ್ತಿಗೆದಾರನ ಹತ್ತಿರ ಇಲ್ಲದಿದ್ದರೆ ಕೆಲಸ ಹೊರಗೆ ಕೊಟ್ಟ ಮೂಲ ಮಾಲೀಕನನ್ನೂ ಕೇಳಬಹುದು.

ಜೊತೆಗೆ ಎಲ್ಲರೂ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ ಬ್ಯಾಂಕ್ ಖಾತೆಯಿಂದ ಕಟ್ ಆಗುತ್ತೆ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. 18ರಿಂದ 70 ವಯಸ್ಸಿನವರೆಗೆ. ಮೇ ಕೊನೆಯಲ್ಲಿ ಖಾತೆಯಲ್ಲಿ ದುಡ್ಡಿಲ್ಲದೇ ಎಷ್ಟೋ ಜನರದ್ದು ನಿಂತು ಹೋಗುತ್ತೆ. 20 ರೂಪಾಯಿಗೆ!

ಗೇರುಬೀಜ

ಕನಿಷ್ಠ ವೇತನವೂ ಅನ್ವಯಿಸಬೇಕಲ್ಲ?

ಹೊಳೆದಂಡೆ

2025ರ ನವೆಂಬರ್‌ವರೆಗೆ ಇದ್ದ 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಕೃಷಿ ಅನ್ನೋದರ ವಿವರಣೆಯಲ್ಲೇ ಅರಣ್ಯ ಕೆಲಸ, ಮರ ಕಟಾವು ಸೇರಿತ್ತು. ಕಾಗದದಲ್ಲಿ ನಾವು ಎಲ್ಲ ಕಡೆ ಇದ್ದೇವೆ. ದುಡ್ಡು ಬರುವ ಕಡೆ ಬಿಟ್ಟು.

ಮರದಮಿಲ್ಲು

ಸಾಮಿಲ್ ಕಡೆಯಿಂದ ಒಂದು ಮಾತು. ಈ ಕುಸಿತ ಇವತ್ತಿನದಲ್ಲ. 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಅನ್ನೋ ಅರಣ್ಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ದೇಶದಲ್ಲೆಲ್ಲ ಕಟಾವು, ಸಾಮಿಲ್ ಎರಡಕ್ಕೂ ಬಿಗಿ ಬಂತು. 2002ರಿಂದ ಹೊಸ ಲೈಸೆನ್ಸ್‌ಗೆ ದಿಲ್ಲಿಯ ಸಮಿತಿ ಒಪ್ಪಿಗೆ ಬೇಕಾಯ್ತು. ಕಾಡಿಗೆ ಅದರಿಂದ ಒಳ್ಳೆಯದಾಗಿದೆ, ಇಲ್ಲ ಅನ್ನಲ್ಲ. ಆದರೆ ಅವತ್ತು ಮುಚ್ಚಿದ ಮಿಲ್ಲುಗಳ ಕೆಲಸಗಾರರು ಎಲ್ಲಿಗೆ ಹೋದರು ಅಂತ ಯಾರೂ ಲೆಕ್ಕ ಇಡಲಿಲ್ಲ.

ಈಗಿನ ಹೊಡೆತ ಬೇರೆ. ಮಂಗಳೂರು ಬಂದರಿಗೆ ಹೊರದೇಶದ ದಿಮ್ಮಿ ಬಂದು ಬೀಳುತ್ತೆ, ಅಳತೆ ಒಂದೇ ಸಮ, ನೆಟ್ಟಗೆ. 2014ರಲ್ಲಿ ಬರ್ಮಾ ತೇಗದ ದಿಮ್ಮಿ ರಫ್ತು ನಿಲ್ಲಿಸಿತು, ಆಗಲಾದರೂ ನಮ್ಮ ಮರಕ್ಕೆ ಬೆಲೆ ಬರುತ್ತೆ ಅಂದುಕೊಂಡೆವು. ಬೇರೆ ದೇಶದ ಮರ ಬಂತು. ಬಾಗಿಲು ಕಿಟಕಿಗೆ ಸ್ಟೀಲ್, ಯುಪಿವಿಸಿ. ಉಳಿದಿದ್ದಕ್ಕೆ ಪ್ಲೈವುಡ್, ಎಂಡಿಎಫ್. ರೈತರು ಸಿಲ್ವರ್ ಓಕ್ ತಂದು ಹಾಕ್ತಾರೆ, ತಗೊಳ್ಳೋಕೆ ನಮ್ಮ ಹತ್ತಿರ ಆರ್ಡರ್ ಇಲ್ಲ.

ಗಂಧದಗುಡ್ಡೆ

ಸಿಲ್ವರ್ ಓಕ್ ಅಂದಿದ್ದಕ್ಕೆ ಕೇಳ್ತೀನಿ, ಮೆಣಸಿನ ಬಳ್ಳಿ ಹಬ್ಬಿಸಿದ ಮರ ಕಡಿಯಲು ಪರವಾನಗಿ ಬೇಕಾ? ನಮ್ಮ ತೋಟದಲ್ಲಿ ಮೂರ್ನಾಲ್ಕು ಒಣಗಿವೆ.

ಮರದಮಿಲ್ಲು

ಅದಕ್ಕೆ ಬೇರೆ ಚರ್ಚೆ ತೆರೆಯಿರಿ ಮಾರಾಯ್ರೆ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿದರೆ ಗೊತ್ತಾಗುತ್ತೆ.

ರಬ್ಬರ್ ತೋಟದ ಮಗ

ಸುಳ್ಯದ ಕಡೆಯವನು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳರನ್ನು ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆ ಮಾಡಿಸಿದರು. ನನ್ನ ಅಜ್ಜಿ ಹಾಗೆ ಬಂದವರು. ನಾನು ಈಗ ಖಾಸಗಿ ತೋಟದಲ್ಲಿ ಟ್ಯಾಪಿಂಗ್, ಅಂದರೆ ರಬ್ಬರ್ ಹಾಲು ತೆಗೆಯುವ ಕೆಲಸ, ಮಾಡ್ತೀನಿ.

ರಬ್ಬರ್ ಬೆಲೆ 2011ರಲ್ಲಿ ಕಿಲೋಗೆ 240 ರೂಪಾಯಿ ಹತ್ತಿರ ಹೋಗಿತ್ತು. 2016ರ ಶುರುವಿನಲ್ಲಿ ನೂರಕ್ಕಿಂತ ಕೆಳಗೆ ಬಿತ್ತು. ಪಕ್ಕದ ಕೇರಳ 2015ರಲ್ಲೇ 150 ರೂಪಾಯಿ ಆಧಾರ ಬೆಲೆ ಇಟ್ಟು ವ್ಯತ್ಯಾಸ ಕೊಡಲು ಶುರು ಮಾಡಿತು, ಆಮೇಲೆ 170, 180 ಅಂತ ಏರಿಸಿತು. ಎಲ್ಲರೂ ಕೇರಳ ನೋಡಿ ಕಲಿಯಿರಿ ಅಂತಾರೆ. ಆದರೆ ಆ ದುಡ್ಡು ಹೋಗೋದು ತೋಟದ ಮಾಲೀಕನ ಖಾತೆಗೆ. ಬೆಲೆ ಬಿದ್ದಾಗ ಮಾಲೀಕ ಟ್ಯಾಪಿಂಗ್ ನಿಲ್ಲಿಸುತ್ತಾನೆ, ಮರ ಕೆಡಲ್ಲ, ಅಲ್ಲೇ ಇರುತ್ತೆ. ನನ್ನ ಹೊಟ್ಟೆ ಮುಂದಿನ ವರ್ಷದವರೆಗೆ ಕಾಯಲ್ಲ. ಬೆಳೆಗಾರನಿಗೆ ಕೊಟ್ಟರೆ ಕೆಲಸಗಾರನಿಗೆ ತಲುಪುತ್ತೆ ಅನ್ನೋದನ್ನು ನಂಬಬೇಡಿ.

ಹಿಮದೂರು ಕನ್ನಡಿಗ

ನಾನು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿದ್ದೇನೆ. ಇಲ್ಲಿ ನಡೆದಿದ್ದು ಹೇಳಿದರೆ ಉಪಯೋಗ ಆಗಬಹುದು.

2019ರಲ್ಲಿ ಇಲ್ಲಿನ ಒಳನಾಡಿನಲ್ಲಿ ಸಾಲು ಸಾಲು ಮಿಲ್ ಮುಚ್ಚಿದವು. ಪೈನ್ ಮರಕ್ಕೆ ದುಂಬಿ ಹಿಡಿದು ಲಕ್ಷಾಂತರ ಎಕರೆ ಸತ್ತಿತ್ತು, 2017 ಮತ್ತು 2018ರಲ್ಲಿ ದೊಡ್ಡ ಕಾಡ್ಗಿಚ್ಚು, ಮರದ ಬೆಲೆ ಕುಸಿತ, ಅಮೆರಿಕದ ಸುಂಕ. ಆ ಸೆಪ್ಟೆಂಬರ್‌ನಲ್ಲಿ ಪ್ರಾಂತ್ಯ ಸರ್ಕಾರ 6.9 ಕೋಟಿ ಡಾಲರ್ ಘೋಷಿಸಿತು. ಅದರಲ್ಲಿ 4 ಕೋಟಿ ವಯಸ್ಸಾದವರು ಬೇಗ ನಿವೃತ್ತಿ ಆಗೋದಕ್ಕೆ. ಒಂದೂವರೆ ಕೋಟಿ ತಾತ್ಕಾಲಿಕ ಕೆಲಸಕ್ಕೆ, ಮುಖ್ಯವಾಗಿ ಊರುಗಳ ಸುತ್ತ ಬೆಂಕಿ ತಡೆಯುವ ಕೆಲಸ. ಉಳಿದಿದ್ದು ತರಬೇತಿ ಮತ್ತು ಬೇರೆ ಕೆಲಸ ಹುಡುಕಿಕೊಡೋದಕ್ಕೆ.

ಕೇಳೋಕೆ ಚೆನ್ನಾಗಿದೆ. ಆದರೆ ಗುತ್ತಿಗೆದಾರರು ಸಿಟ್ಟಾದರು, ಯಾಕೆಂದರೆ ಇದೆಲ್ಲ ಮಿಲ್ ನೌಕರರಿಗೆ. ಅದೇ ತಿಂಗಳು ಮೆರಿಟ್ ಅನ್ನೋ ಊರಿಂದ ನಾಟಾ ಲಾರಿಗಳು ಸಾಲಾಗಿ ಹೊರಟು ವ್ಯಾಂಕೂವರ್ ಪೇಟೆಗೆ ಬಂದವು. ಸಣ್ಣ ಊರುಗಳೂ ಸಿಟ್ಟಾದವು, ಯಾಕೆಂದರೆ ಅವರಿಗೆ ಬರುತ್ತಿದ್ದ ಗ್ರಾಮೀಣ ಅನುದಾನ ನಿಲ್ಲಿಸಿ ಆ ದುಡ್ಡನ್ನೂ ಇದಕ್ಕೇ ಸೇರಿಸಿದ್ದರು.

ಅಂಚೆಪೆಟ್ಟಿಗೆ

ಅಂದರೆ ಅಲ್ಲೂ ಗುತ್ತಿಗೆದಾರ ಅನಾಥ. ಸಮಾಧಾನ ಆಯ್ತು.

ಹಿಮದೂರು ಕನ್ನಡಿಗ

ಪೂರ್ತಿ ಅಲ್ಲ. ಇಲ್ಲಿ 2010ರಲ್ಲೇ ಒಂದು ಕಾನೂನು ಮಾಡಿದ್ದಾರೆ. ಕಟಾವು, ಸಾಗಾಣಿಕೆ ಮಾಡಿದ ಗುತ್ತಿಗೆದಾರನಿಗೆ ಹಣ ಬಾಕಿ ಇದ್ದರೆ ಆ ನಾಟಾದ ಮೇಲೆ, ಮಾಲೀಕನ ಮಾಲಿನ ಮೇಲೆ ಅವನಿಗೆ ಹಕ್ಕು ಬರುತ್ತೆ. ಕಂಪನಿ ದಿವಾಳಿಯಾದರೆ ಸ್ವಲ್ಪ ಪರಿಹಾರ ಸಿಗಲಿ ಅಂತ ಒಂದು ನಿಧಿಯೂ ಇದೆ. ಮೇಸ್ತ್ರಿಯವರ ಸಮಸ್ಯೆ ನೋಡಿದರೆ ಇದೇ ಜಾಸ್ತಿ ಬೇಕು ಅನಿಸುತ್ತೆ.

ಗೇರುಬೀಜ

ಕೆನಡಾ ಕಥೆ ಕೇಳಿ ಏನು ಮಾಡೋದು. ಅಲ್ಲಿ ಜನ ಕಡಿಮೆ, ದುಡ್ಡು ಜಾಸ್ತಿ. ಇಲ್ಲಿ ಪ್ರತಿಯೊಬ್ಬರಿಗೂ ನಿಧಿ ಮಾಡುತ್ತಾ ಹೋದರೆ ಖಜಾನೆ ಖಾಲಿ.

ಬೆತ್ತದಬುಟ್ಟಿ

ಖಜಾನೆಯಿಂದಲೇ ಬರಬೇಕು ಅಂತ ಯಾರು ಹೇಳಿದರು? ಮಹಾರಾಷ್ಟ್ರದಲ್ಲಿ ಮಾಥಾಡಿ ಕಾಯ್ದೆ 1969ರಿಂದ ಇದೆ. ಹೊರೆ ಹೊರುವವರಿಗೆ ಕೆಲಸ ಕೊಡುವವನು ಕೂಲಿಯ ಮೇಲೆ ಇಷ್ಟು ಅಂತ ಮಂಡಳಿಗೆ ಕಟ್ಟುತ್ತಾನೆ. ಮಂಡಳಿ ಕೆಲಸಗಾರನಿಗೆ ಪಿಎಫ್, ರಜೆ, ಆಸ್ಪತ್ರೆ ನೋಡಿಕೊಳ್ಳುತ್ತೆ. ಕೇರಳದಲ್ಲೂ ತಲೆಹೊರೆಯವರಿಗೆ 1978ರ ಕಾಯ್ದೆ ಇದೆ. ನಮ್ಮಲ್ಲೇ ಕಟ್ಟಡ ಕಾರ್ಮಿಕರ ಮಂಡಳಿ ನಡೆಯೋದು ಕಟ್ಟಡದ ಖರ್ಚಿನ ಮೇಲಿನ ಶೇ 1 ಸೆಸ್‌ನಿಂದ. ಮೊನ್ನೆ ಮೊನ್ನೆ, 2025ರಲ್ಲಿ, ಊಟ ತಲುಪಿಸುವ ಹುಡುಗರಿಗೂ ಕರ್ನಾಟಕ ಕಾನೂನು ಮಾಡಿತು, ಪ್ರತಿ ವಹಿವಾಟಿನಲ್ಲಿ ಹುಡುಗರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5. ನಾಟಾ ಹರಾಜಿನ ಮೇಲೆ, ಕಾಗದ ಮಾಡಲು ಕಾರ್ಖಾನೆ ಕೊಳ್ಳುವ ಪಲ್ಪ್‌ವುಡ್ ಟನ್ನಿನ ಮೇಲೆ ಒಂದು ಸಣ್ಣ ಸೆಸ್ ಹಾಕಿ ಮಂಡಳಿ ಮಾಡಲು ಏನು ಕಷ್ಟ? ಪ್ರತಿ ದಿಮ್ಮಿಗೂ ನಂಬರ್ ಇದೆ, ಸುತ್ತಿಗೆ ಗುರುತಿದೆ, ಪಾಸ್ ಇದೆ. ಮರದ ಲೆಕ್ಕ ಇಷ್ಟು ಚೆನ್ನಾಗಿ ಇಡುವ ಸರ್ಕಾರಕ್ಕೆ ಅದನ್ನು ಕಡಿದವನ ಲೆಕ್ಕ ಇಡೋಕೆ ಆಗಲ್ವಾ?

ಮರದಮಿಲ್ಲು

ಸೆಸ್ ಅಂದ್ರೆ ಕೊನೆಗೆ ನಮ್ಮ ತಲೆ ಮೇಲೆ. ಈಗಾಗಲೇ ದಿಮ್ಮಿಗೆ 18% ಜಿಎಸ್‌ಟಿ ಕಟ್ತೀವಿ. ಹೊರದೇಶದ ಮರಕ್ಕೂ ಅಷ್ಟೇ ಸೆಸ್ ಹಾಕಿದರೆ ಒಪ್ಪುತ್ತೇನೆ, ಇಲ್ಲದಿದ್ದರೆ ಇಲ್ಲ.

ಬೆತ್ತದಬುಟ್ಟಿ

ಅದು ನ್ಯಾಯವಾದ ಮಾತು. ಇಲ್ಲಿನ ಮರಕ್ಕೆ ಮಾತ್ರ ಹಾಕಿದರೆ ನಿಮ್ಮನ್ನು ಮುಳುಗಿಸಿದ ಹಾಗೆ.

ಲೆಕ್ಕದ ಲಕ್ಕಪ್ಪ

ಮೇಸ್ತ್ರಿಯವರೇ, ನಾನು ಜಿಎಸ್‌ಟಿ ರಿಟರ್ನ್ಸ್ ತುಂಬುವ ಕೆಲಸದವನು. ಬಾಕಿ ಬಿಲ್ಲಿಗೆ ದಾರಿ ಹೇಳ್ತೀನಿ. ಉದ್ಯಮ್ ನೋಂದಣಿ ಮಾಡಿ, ಅದು ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರಿ ನೋಂದಣಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ 45 ದಿನದ ಒಳಗೆ ಹಣ ಕೊಡಬೇಕು. ತಡ ಮಾಡಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಖಾಸಗಿ ಕಂಪನಿ ಆದರೆ 45 ದಿನ ಮೀರಿದ ಬಾಕಿಯನ್ನು ಆ ವರ್ಷ ಖರ್ಚು ಅಂತ ತೋರಿಸಲೂ ಆಗಲ್ಲ, ಅದಕ್ಕೇ ಮಾರ್ಚ್ ಹತ್ತಿರ ಬಂದರೆ ಓಡಿ ಬಂದು ಕೊಡ್ತಾರೆ.

ಹೊಳೆದಂಡೆ

ಲಕ್ಕಪ್ಪನವರೇ, ಅಲ್ಲೊಂದು ಗುಂಡಿ ಇದೆ. ಉದ್ಯಮ್ ಪೋರ್ಟಲ್‌ನಲ್ಲಿ ಸೇರಿಸಲಾಗದ ಚಟುವಟಿಕೆಗಳ ಪಟ್ಟಿ ಓದಿ. ಪ್ರತಿ ಉದ್ಯಮಕ್ಕೂ ಎನ್‌ಐಸಿ ಅಂತ ಒಂದು ಕೋಡ್ ಇದೆ, 02 ಅಂದರೆ ಅರಣ್ಯ ಮತ್ತು ಮರ ಕಟಾವು. ಹೊರಗಿಟ್ಟಿದ್ದಾರೆ. ಮೀನುಗಾರಿಕೆ 03, ಅದೂ ಹೊರಗೆ.

ಲೆಕ್ಕದ ಲಕ್ಕಪ್ಪ

ಗೊತ್ತು, ಅದಕ್ಕೇ ಬರ್ತಿದ್ದೆ. ಕಟಾವು 02ರಲ್ಲಿ ಹೋಗಲ್ಲ. ಆದರೆ ಸಾಗಾಣಿಕೆ ಹೋಗುತ್ತೆ. ರಸ್ತೆ ಮೂಲಕ ಸರಕು ಸಾಗಣೆ 49ರಲ್ಲಿ ಬರುತ್ತೆ, ಸೇವೆ ಅಂತ ಧಾರಾಳವಾಗಿ ನೋಂದಣಿ ಆಗುತ್ತೆ. ಅವರ ಹತ್ತಿರ ಲಾರಿ ಇದೆ ಅಂದರಲ್ಲ.

ಮರದಮಿಲ್ಲು

ಅಂದರೆ ಅದೇ ಮನುಷ್ಯ ಮರ ಬೀಳಿಸುವಾಗ ಉದ್ಯಮಿ ಅಲ್ಲ, ಅದನ್ನೇ ಲಾರಿಗೆ ಹಾಕಿ ಸ್ಟಾರ್ಟ್ ಮಾಡಿದ ತಕ್ಷಣ ಉದ್ಯಮಿ. ನಮ್ಮ ಮಿಲ್ಲಿಗೆ ಬಂದು ಇಳಿಸಿದ ಮೇಲೆ ನಾನು ಉದ್ಯಮಿ. ಭಲೇ.

ಕಟಾವು ಮೇಸ್ತ್ರಿ

ಇದು ನನಗೆ ಹೊಸ ವಿಷಯ. ಬ್ಯಾಂಕಲ್ಲಿ ಸಣ್ಣ ಉದ್ಯಮದ ಸಾಲ ಕೇಳಿದಾಗ ನಿಮ್ಮದು ಬರಲ್ಲ ಅಂತ ಒಂದೇ ಮಾತಲ್ಲಿ ವಾಪಸ್ ಕಳಿಸಿದ್ದರು. ಯಾಕೆ ಅಂತ ಹೇಳಲೇ ಇಲ್ಲ. ಮುಖ ನೋಡಿ ಹೇಳಿದರು ಅಂದುಕೊಂಡಿದ್ದೆ.

ಆದರೆ ನನ್ನ ಬಿಲ್ಲು ಒಂದೇ. ಕಟಾವು, ಸಿಪ್ಪೆ, ಲೋಡಿಂಗ್, ಸಾಗಾಣಿಕೆ ಎಲ್ಲ ಸೇರಿ ಟನ್ನಿಗೆ ಇಷ್ಟು. ಅದನ್ನು ಹೇಗೆ ಒಡೆಯೋದು?

ಲೆಕ್ಕದ ಲಕ್ಕಪ್ಪ

ಹಳೇ ಬಿಲ್ಲು ಒಡೆಯಲು ಹೋಗಬೇಡಿ, ಅದು ತಕರಾರಾಗುತ್ತೆ. ಇನ್ನೊಂದು ವಿಷಯ, ಕೆಲಸ ಒಪ್ಪಿಕೊಂಡ ಮೇಲೆ ಮಾಡಿಸಿದ ನೋಂದಣಿ ಹಳೇ ಬಾಕಿಗೆ ಅನ್ವಯ ಆಗಲ್ಲ ಅಂತ ಕೋರ್ಟುಗಳು ಹೇಳಿವೆ. ಹಳೇದಕ್ಕೆ ವಕೀಲರಿಂದ ನೋಟಿಸ್ ಕೊಡಿಸಿ, ಠೇವಣಿ ವಾಪಸ್ ಕೇಳಿ ಬೇರೆ ಪತ್ರ ಕೊಡಿ, ಎರಡಕ್ಕೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಮುಂದಿನ ಟೆಂಡರ್‌ಗೆ ಮುಂಚೆ ಸಾಗಾಣಿಕೆಗೆ ಉದ್ಯಮ್ ಮಾಡಿಸಿ ಇಟ್ಟುಕೊಳ್ಳಿ.

ಸಿಪ್ಪೆ ಸುಲಿಯುವವಳು

ಬಿಲ್ಲು ಒಡೆಯುವಾಗ ಸಿಪ್ಪೆ ಕೂಲಿ ಬೇರೆ ಸಾಲಿನಲ್ಲಿ ಬರೆಯಿರಿ. ಹಾಗೇ ಮಸ್ಟರಲ್ಲೂ.

ಕಟಾವು ಮೇಸ್ತ್ರಿ

ಬರೀತೀನಿ ಅಕ್ಕ. ಆದರೆ ಟೆಂಡರ್ ಫಾರ್ಮಲ್ಲೇ ಒಂದೇ ರೇಟಿನ ಕಾಲಂ ಇರುತ್ತೆ. ನಾನು ಬೇರೆ ಬೇರೆ ಬರೆದರೆ ತಿರಸ್ಕಾರ ಆಗಲ್ವಾ?

ಲೆಕ್ಕದ ಲಕ್ಕಪ್ಪ

ಆಗುತ್ತೆ. ಫಾರ್ಮ್ ಮುಟ್ಟಬೇಡಿ. ಬಿಡ್ ಹಾಕುವ ಮುಂಚೆ ಸ್ಪಷ್ಟೀಕರಣ ಕೇಳಲು ಒಂದು ದಿನಾಂಕ ಕೊಟ್ಟಿರುತ್ತಾರೆ, ಅದರೊಳಗೆ ರೇಟಿನ ವಿಭಜನೆ ಕೊಡಿ ಅಂತ ಲಿಖಿತವಾಗಿ ಕೇಳಿ. ಒಬ್ಬರೇ ಕೇಳಿದರೆ ಉತ್ತರ ಬರಲ್ಲ. ನಿಮ್ಮ ತಾಲ್ಲೂಕಿನ ನಾಲ್ಕೈದು ಗುತ್ತಿಗೆದಾರರು ಸೇರಿ ಕೇಳಿ.

ಅಂಚೆಪೆಟ್ಟಿಗೆ

ನಾಲ್ಕೈದು ಗುತ್ತಿಗೆದಾರರು ಸೇರೋದಾ? ಒಬ್ಬರ ಟೆಂಡರ್‌ಗೆ ಇನ್ನೊಬ್ಬರು ಕಡಿಮೆ ಹಾಕಿ ಕೂತಿರುವಾಗ?

ಕಟಾವು ಮೇಸ್ತ್ರಿ

ಎಲ್ಲರ ಠೇವಣಿಯೂ ಅದೇ ಜಾಗದಲ್ಲಿ ಸಿಕ್ಕಿಕೊಂಡಿದೆ. ಈ ಸಲ ಸೇರಬಹುದು. ಇಬ್ಬರಿಗೆ ಫೋನ್ ಮಾಡಿದ್ದೇನೆ, ಒಬ್ಬರು ಬರ್ತೀನಿ ಅಂದರು.

ಗಂಧದಗುಡ್ಡೆ

ಸಿಲ್ವರ್ ಓಕ್ ವಿಷಯ ಯಾರಿಗಾದರೂ ಗೊತ್ತಾದರೆ ಹೇಳಿ.